ಕೇಳಿದ್ದು ಗಾಜಿನ ಪೆಟ್ಟಿಗೆ, ಮಾಡಿದ್ದು ಬೆಚ್ಚನೆಯ ಚೀಲ: ಒಂದು ಗುಂಪು ಪ್ರಶ್ನೆಯನ್ನೇ ಬದಲಿಸಿದ ಪ್ರಕರಣ

ತಿಂಗಳು ತುಂಬುವ ಮೊದಲೇ ಮಗು ಹುಟ್ಟಿದರೆ ನಮ್ಮ ಕಡೆ "ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ" ಅನ್ನುತ್ತಾರೆ. ಮಗುವನ್ನು ಬೆಚ್ಚಗಿಡುವ ಆ ಯಂತ್ರಕ್ಕೆ ಇನ್‌ಕ್ಯುಬೇಟರ್ ಅನ್ನುವ ಹೆಸರು ಬಾಯಿಗೆ ಬರುವುದು ಕಡಿಮೆ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ತರಗತಿಯಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಇದೇ ಪೆಟ್ಟಿಗೆಯ ಬಗ್ಗೆ ಒಂದು ಸವಾಲು ಕೊಟ್ಟರು. ಪೆಟ್ಟಿಗೆಯ ಬೆಲೆ ಸುಮಾರು 20,000 ಡಾಲರ್. ಅದರ ನೂರರಲ್ಲಿ ಒಂದು ಪಾಲಿನ ಖರ್ಚಿನಲ್ಲಿ, ಅಂದರೆ 200 ಡಾಲರ್‌ನಲ್ಲಿ, ಅದನ್ನು ಮಾಡಬೇಕು.

ಅವರು ಪೆಟ್ಟಿಗೆ ಮಾಡಲೇ ಇಲ್ಲ. ಮಗುವನ್ನು ಒಳಗೆ ಮಲಗಿಸಿ ಮುಚ್ಚುವ ಒಂದು ಪುಟ್ಟ ಚೀಲ ಮಾಡಿದರು. ಅದರ ಬೆನ್ನಿಗೆ ಮೇಣದಂಥ ವಸ್ತು ತುಂಬಿದ ಒಂದು ದಿಂಬು. ಹೆಸರು ಎಂಬ್ರೇಸ್, ಅಂದರೆ ಅಪ್ಪುಗೆ. ಮುಂದೆ ಈ ಗುಂಪು ಬೆಂಗಳೂರಿಗೇ ಬಂದು ನೆಲೆಸಿತು.

ಬಳಸುವವರ ಕಷ್ಟದಿಂದ ಶುರು ಮಾಡಿ ಪರಿಹಾರ ಹುಡುಕುವ ವಿಧಾನಕ್ಕೆ ಡಿಸೈನ್ ಥಿಂಕಿಂಗ್ ಅನ್ನುತ್ತಾರೆ. ಅದರ ಬಗ್ಗೆ ಮಾತಾಡುವವರೆಲ್ಲ ಈ ಉದಾಹರಣೆಯನ್ನು ಒಂದಲ್ಲ ಒಂದು ಸಲ ಹೇಳುತ್ತಾರೆ. ಹೆಚ್ಚಿನವರು ಚೀಲ ತಯಾರಾದ ಜಾಗದಲ್ಲಿ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತಾರೆ. ನನಗೆ ಕುತೂಹಲ ಇರುವುದು ಅದರ ಹಿಂದೆ ಮತ್ತು ಮುಂದೆ. ಗುಂಪು ಪ್ರಶ್ನೆಯನ್ನು ಬದಲಿಸಿದ್ದು ಹೇಗೆ? ಚೀಲ ಆದ ಮೇಲೆ ಆ ಹೊಸ ಪ್ರಶ್ನೆಗೆ ಏನಾಯಿತು?

ತರಗತಿ ಮತ್ತು ಗುಂಪು

ಸ್ಟ್ಯಾನ್‌ಫರ್ಡ್‌ನಲ್ಲಿ ಹಾಸೋ ಪ್ಲಾಟ್ನರ್ ಹೆಸರಿನ ಡಿಸೈನ್ ಶಾಲೆ ಇದೆ. ಎಲ್ಲರೂ ಅದನ್ನು ಡಿ-ಸ್ಕೂಲ್ ಅಂತಲೇ ಕರೆಯುತ್ತಾರೆ. ಅಲ್ಲಿನ ಒಂದು ಕೋರ್ಸಿನ ಹೆಸರು 'ಡಿಸೈನ್ ಫಾರ್ ಎಕ್ಸ್‌ಟ್ರೀಮ್ ಅಫೋರ್ಡಬಿಲಿಟಿ'. ತೀರಾ ಬಡವರ ಕೈಗೂ ಎಟಕುವ ಬೆಲೆಯಲ್ಲಿ ವಸ್ತುಗಳನ್ನು ರೂಪಿಸುವುದು ಅದರ ಉದ್ದೇಶ. ಬೇರೆ ಬೇರೆ ವಿಭಾಗದ ವಿದ್ಯಾರ್ಥಿಗಳನ್ನು ಬೇಕೆಂದೇ ಒಂದು ಗುಂಪಿಗೆ ಸೇರಿಸುತ್ತಾರೆ.

ಈ ಗುಂಪಿನಲ್ಲಿದ್ದ ನಾಲ್ವರು ಮುಂದೆ ಎಂಬ್ರೇಸ್ ಸ್ಥಾಪಕರಾದರು: ಜೇನ್ ಚೆನ್, ಲೈನಸ್ ಲಿಯಾಂಗ್, ನಾಗಾನಂದ್ ಮೂರ್ತಿ ಮತ್ತು ರಾಹುಲ್ ಪಣಿಕ್ಕರ್. ಚೆನ್ ಮ್ಯಾನೇಜ್‌ಮೆಂಟ್ ಓದುತ್ತಿದ್ದವರು. ಲಿಯಾಂಗ್ ಕಂಪ್ಯೂಟರ್ ವಿಜ್ಞಾನದವರು. ಪಣಿಕ್ಕರ್ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನವರು. ನಾಲ್ವರಲ್ಲಿ ಒಬ್ಬರೂ ಡಾಕ್ಟರಲ್ಲ. ಇದು ಅವರಿಗೆ ಮೊದಲು ಅನುಕೂಲವೇ ಆಯಿತು. ಆಮೇಲೆ ತೊಡಕೂ ಆಯಿತು ಅನ್ನುವುದು ನನ್ನ ಅಂದಾಜು. ಅದಕ್ಕೆ ಮತ್ತೆ ಬರುತ್ತೇನೆ.

ಡಿಸೈನ್ ಥಿಂಕಿಂಗ್‌ನ ಐದು ಮೆಟ್ಟಿಲುಗಳನ್ನು ನೀವೂ ಕೇಳಿರಬಹುದು. ಬಳಸುವವರ ಜೊತೆ ಇದ್ದು ಅವರ ಕಷ್ಟ ಅರಿಯುವುದು, ಸಮಸ್ಯೆಯನ್ನು ಒಂದು ವಾಕ್ಯದಲ್ಲಿ ಹಿಡಿಯುವುದು, ಐಡಿಯಾಗಳನ್ನು ರಾಶಿ ಹಾಕುವುದು, ಕೈಗೆ ಸಿಕ್ಕಿದ್ದರಲ್ಲಿ ಮಾದರಿ ಮಾಡುವುದು, ಅದನ್ನು ಬಳಸುವವರ ಕೈಗೇ ಕೊಟ್ಟು ನೋಡುವುದು. ಓದಲಿಕ್ಕೆ ಸಲೀಸು. ನಾನು ಕೂತಿದ್ದ ಒಂದು ಕಾರ್ಯಾಗಾರದಲ್ಲಿ ಮೊದಲ ಎರಡು ಮೆಟ್ಟಿಲಿಗೆ ಒಟ್ಟು ಇಪ್ಪತ್ತು ನಿಮಿಷ ಕೊಟ್ಟರು. ಉಳಿದ ದಿನವಿಡೀ ಐಡಿಯಾ ಬರೆದ ಹಳದಿ ಚೀಟಿಗಳನ್ನು ಗೋಡೆಗೆ ಅಂಟಿಸಿದೆವು. ಸಮಸ್ಯೆ ಏನು ಅಂತ ಮೇಲಿನವರು ಮೊದಲೇ ತೀರ್ಮಾನ ಮಾಡಿ ತಂದಿದ್ದರು. ಸಂಜೆ ಹೊತ್ತಿಗೆ ಗೋಡೆ ತುಂಬಿತ್ತು, ಅಷ್ಟೇ.

ಕಠ್ಮಂಡುವಿನ ಖಾಲಿ ಪೆಟ್ಟಿಗೆಗಳು

ಸ್ಟ್ಯಾನ್‌ಫರ್ಡ್ ಗುಂಪು ಹಾಗೆ ಮಾಡಿದ್ದರೆ ಇಷ್ಟೊತ್ತಿಗೆ ಒಂದು ಅಗ್ಗದ ಇನ್‌ಕ್ಯುಬೇಟರ್ ತಯಾರಾಗುತ್ತಿತ್ತು. ಬೇಡದ ಭಾಗಗಳನ್ನು ತೆಗೆಯಿರಿ, ಗಾಜಿನ ಬದಲು ಪ್ಲಾಸ್ಟಿಕ್ ಹಾಕಿ, ಮೋಟಾರ್ ಚಿಕ್ಕದು ಮಾಡಿ. ಎಂಜಿನಿಯರ್‌ಗಳಿಗೆ ಇದು ಖುಷಿಯ ಕೆಲಸ.

ಆದರೆ ಲಿಯಾಂಗ್ ನೇಪಾಳಕ್ಕೆ ಹೋದರು. ಕಠ್ಮಂಡುವಿನ ಒಂದು ಆಸ್ಪತ್ರೆಯಲ್ಲಿ ದಾನವಾಗಿ ಬಂದ ಇನ್‌ಕ್ಯುಬೇಟರ್‌ಗಳಿದ್ದವು. ಹಲವು ಖಾಲಿ ಬಿದ್ದಿದ್ದವು. ಮಕ್ಕಳು ಸಾಯುತ್ತಿರುವ ದೇಶದಲ್ಲಿ ಪೆಟ್ಟಿಗೆ ಯಾಕೆ ಖಾಲಿ ಅಂತ ಕೇಳಿದಾಗ ಅಲ್ಲಿನ ಡಾಕ್ಟರ್ ಕಾರಣ ಹೇಳಿದರು. ಇವು ಬೇಕಾದ ಮಕ್ಕಳು ಹುಟ್ಟುವುದು ದೂರದ ಹಳ್ಳಿಗಳಲ್ಲಿ. ಆಸ್ಪತ್ರೆ ತಲುಪುವಷ್ಟರಲ್ಲಿ ಕೈ ಮೀರಿರುತ್ತದೆ.

ಒಂದು ಕ್ಷಣ ಇಲ್ಲಿ ನಿಲ್ಲೋಣ. ಪೆಟ್ಟಿಗೆಯ ಬೆಲೆ 20,000 ಡಾಲರ್ ಇರಲಿ, 200 ಇರಲಿ, ಪುಕ್ಕಟೆಯೇ ಇರಲಿ, ಆ ಹಳ್ಳಿಯ ಮಗುವಿಗೆ ಏನೂ ವ್ಯತ್ಯಾಸವಾಗುವುದಿಲ್ಲ. ಪುಕ್ಕಟೆ ಬಂದ ಪೆಟ್ಟಿಗೆಯೇ ಅಲ್ಲಿ ಖಾಲಿ ಇತ್ತಲ್ವಾ? ಅಂದ ಮೇಲೆ ತರಗತಿಯಲ್ಲಿ ಕೊಟ್ಟ ಪ್ರಶ್ನೆಯೇ ಗುರಿ ತಪ್ಪಿತ್ತು. ಬೆಲೆ ಇಳಿಸುವುದು ಸುಳ್ಳು ಸಮಸ್ಯೆ ಅಂತಲ್ಲ. ಅದು ಮೊದಲನೆಯದಲ್ಲ, ಅಷ್ಟೇ.

ಚಿಕ್ಕ ಮಗುವಿಗೆ ಬಿಸಿ ಯಾಕೆ ಇಷ್ಟು ಮುಖ್ಯ ಅಂತ ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕುಲಾವಿ, ಹಳೇ ಹತ್ತಿ ಸೀರೆಯ ಸುತ್ತು, ಗಾಳಿಯಾಡದ ಬಾಣಂತಿ ಕೋಣೆ, ಮಗುವಿನ ಪಾದ ಮುಟ್ಟಿ ನೋಡುವ ಅಭ್ಯಾಸ, ಎಲ್ಲ ಅದಕ್ಕೇ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿನ ಚರ್ಮದ ಕೆಳಗೆ ಕೊಬ್ಬು ತೀರಾ ಕಡಿಮೆ. ತೂಕಕ್ಕೆ ಹೋಲಿಸಿದರೆ ಮೈಯ ಹರವು ಜಾಸ್ತಿ. ಹಾಗಾಗಿ ಬಿಸಿ ಬೇಗ ಸೋರಿಹೋಗುತ್ತದೆ. ಬೆಳೆಯಲು ಬೇಕಾದ ಶಕ್ತಿಯೆಲ್ಲ ಮೈ ಬೆಚ್ಚಗಿಡುವುದಕ್ಕೇ ಖರ್ಚಾಗುತ್ತದೆ. ನಮಗೆ ಹಿತವಾಗಿರುವ ಕೋಣೆಯೂ ಅಂಥ ಮಗುವಿಗೆ ಚಳಿ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ಮಕ್ಕಳು ಕಡಿಮೆ ತೂಕದಲ್ಲಿ ಹುಟ್ಟುತ್ತಾರೆ.

ಬೋರ್ಡಿನ ಮೇಲಿನ ವಾಕ್ಯ

ಗುಂಪಿನಲ್ಲಿ ಕೆಲಸ ಮಾಡುವವರಿಗೆ ಈ ಪ್ರಕರಣದಲ್ಲಿ ಹೆಚ್ಚು ಸಿಗುವುದು ಇಲ್ಲಿಯೇ. ನೇಪಾಳದ ಆಸ್ಪತ್ರೆಯಲ್ಲಿ ನಿಂತು ಖಾಲಿ ಪೆಟ್ಟಿಗೆ ನೋಡಿದವರು ಲಿಯಾಂಗ್. ತರಗತಿಯಲ್ಲಿ ಕೂತವರು ಅದನ್ನು ಕೇಳಿದ್ದು ಅವರ ಬಾಯಿಂದ. ಕಣ್ಣಾರೆ ಕಂಡವನ ಹೊಟ್ಟೆಯೊಳಗಿನ ಸಂಕಟ ಕೇಳಿದವನಿಗೆ ಪೂರ್ತಿ ದಾಟುವುದಿಲ್ಲ. ಎಷ್ಟೋ ಗುಂಪುಗಳಲ್ಲಿ ಹೊರಗೆ ಹೋಗಿ ಬಂದವನು ವರದಿ ಓದುತ್ತಾನೆ, ಉಳಿದವರು ತಲೆ ಆಡಿಸುತ್ತಾರೆ, ಕೆಲಸ ಮೊದಲಿನ ದಾರಿಯಲ್ಲೇ ನಡೆಯುತ್ತದೆ.

ಇವರಲ್ಲೂ ಒಂದೇ ಸಲಕ್ಕೆ ಒಮ್ಮತ ಬರಲಿಲ್ಲ. ಆಸ್ಪತ್ರೆಗೆ ಬೇಕಾದ್ದನ್ನು ಮಾಡುವುದು ಗೊತ್ತಿರುವ ದಾರಿ. ಅಲ್ಲಿ ಡಾಕ್ಟರ್ ಇದ್ದಾರೆ, ನರ್ಸ್ ಇದ್ದಾರೆ, ಕರೆಂಟ್ ಇದೆ. ಹಳ್ಳಿ ಮನೆಯಲ್ಲಿ ಯಾವುದೂ ಇಲ್ಲ. ಕೋರ್ಸ್ ಮುಗಿಯುವುದರೊಳಗೆ ಹಳ್ಳಿಯ ಸಮಸ್ಯೆ ಬಗೆಹರಿಯುತ್ತದೆ ಅನ್ನುವ ಖಾತ್ರಿ ಯಾರಿಗಿತ್ತು? ಆಸ್ಪತ್ರೆಗೇ ಮಾಡೋಣ ಅಂದವರನ್ನು ನಾನು ಹೇಡಿಗಳು ಅನ್ನಲಾರೆ. ಅವರ ಜಾಗದಲ್ಲಿದ್ದರೆ ಬಹುಶಃ ನಾನೂ ಹಾಗೇ ಅನ್ನುತ್ತಿದ್ದೆ.

ಕೊನೆಗೆ ಬೋರ್ಡಿನ ಮೇಲೆ ಸಮಸ್ಯೆಯನ್ನು ಹೊಸದಾಗಿ ಬರೆದುಕೊಂಡರು. ಅದರ ಸಾರ ಹೀಗಿತ್ತು: ದೂರದ ಹಳ್ಳಿಯ ತಂದೆತಾಯಿಗೆ, ಸಾಯುವ ಸ್ಥಿತಿಯಲ್ಲಿರುವ ತಮ್ಮ ಮಗುವನ್ನು ಉಳಿಸಿಕೊಳ್ಳಲು ಒಂದು ಅವಕಾಶ ಕೊಡುವಂತೆ, ಮಗುವನ್ನು ಬೆಚ್ಚಗಿಡುವ ಸಾಧನ ಮಾಡಬೇಕು.

ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಇನ್‌ಕ್ಯುಬೇಟರ್ ಅನ್ನುವ ಪದ ಇತ್ತು, ಮನುಷ್ಯರೇ ಇರಲಿಲ್ಲ. ಎರಡನೆಯದರಲ್ಲಿ ಮನುಷ್ಯರಿದ್ದಾರೆ, ಇನ್‌ಕ್ಯುಬೇಟರ್ ಇಲ್ಲ. ಮೊದಲನೆಯದು ಉತ್ತರದ ಹೆಸರನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಪ್ರಶ್ನೆ ಕೇಳುತ್ತಿತ್ತು. ಎರಡನೆಯದು ಬೇಕಾದ್ದು ಬಿಸಿ ಅಂತ ಮಾತ್ರ ಹೇಳುತ್ತದೆ. ಬಿಸಿ ಎಲ್ಲಿಂದ ಬರಬೇಕು ಅನ್ನುವುದು ಖಾಲಿ ಜಾಗ. ಒಂದು ಗುಂಪಿನ ಐದಾರು ತಲೆ ಓಡಬೇಕಾದ್ದು ಆ ಖಾಲಿ ಜಾಗದಲ್ಲಿ.

ನನ್ನ ಅನುಭವದಲ್ಲಿ ಇದನ್ನು ಪರೀಕ್ಷೆ ಮಾಡಲು ಒಂದು ಸುಲಭ ದಾರಿ ಇದೆ. ಗುಂಪಿನ ಪ್ರಶ್ನೆಯಲ್ಲಿ ಆಪ್, ಪೋರ್ಟಲ್, ಯಂತ್ರ, ತರಬೇತಿ ಈ ಥರದ ಪದ ಇದ್ದರೆ ಅದನ್ನು ಹೊಡೆದುಹಾಕಿ ವಾಕ್ಯವನ್ನು ಮತ್ತೆ ಓದಿ. ವಾಕ್ಯ ಕುಸಿದು ಬಿದ್ದರೆ ನಿಮ್ಮ ಕೈಲಿರುವುದು ಪ್ರಶ್ನೆಯಲ್ಲ, ಆರ್ಡರ್.

ಮೇಣ, ಚೀಲ, ಮತ್ತು ಒಬ್ಬ ತಾಯಿ

ಕರೆಂಟ್ ಇಲ್ಲದ ಕಡೆ ಗಂಟೆಗಟ್ಟಲೆ ಒಂದೇ ಹದದ ಬಿಸಿ ಬೇಕು. ಬಿಸಿನೀರಿನ ಬಾಟಲಿ ಮೊದಲು ಸುಡುತ್ತದೆ, ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತದೆ. ಕೆಂಡದಲ್ಲಿ ಹೊಗೆ ಮತ್ತು ಅಪಾಯ ಎರಡೂ ಇವೆ.

ಗುಂಪು ಹಿಡಿದದ್ದು ಮೇಣದ ಗುಣವನ್ನು. ಐಸ್ ತುಂಡು ತೇಲುತ್ತಿರುವ ನೀರು ಐಸ್ ಪೂರ್ತಿ ಕರಗುವ ತನಕ ಸೊನ್ನೆ ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಇದನ್ನೇ ತಿರುಗಿಸಿ ಯೋಚಿಸಿ. ಸುಮಾರು 37 ಡಿಗ್ರಿಯಲ್ಲಿ ಕರಗುವ ಮೇಣವನ್ನು ಬಿಸಿ ಮಾಡಿ ಕರಗಿಸಿದರೆ, ಅದು ಮತ್ತೆ ಗಟ್ಟಿಯಾಗುವಷ್ಟು ಹೊತ್ತೂ ಅದೇ 37ರ ಆಸುಪಾಸಿನಲ್ಲಿ ಬಿಸಿ ಬಿಡುತ್ತಾ ಇರುತ್ತದೆ. ಅದು ನಮ್ಮ ಮೈಯ ಬಿಸಿ. ಮಗುವನ್ನು ಸುಡುವುದಿಲ್ಲ, ತಣ್ಣಗೂ ಬಿಡುವುದಿಲ್ಲ. ಒಂದು ಸಲ ಕರಗಿಸಿದರೆ ನಾಲ್ಕರಿಂದ ಆರು ಗಂಟೆ ನಡೆಯುತ್ತದೆ. ಆಮೇಲೆ ಮತ್ತೆ ಕರಗಿಸಬಹುದು. ಚೀಲವನ್ನು ಒರೆಸಿ, ತೊಳೆದು ಮತ್ತೆ ಬಳಸಬಹುದು. ಮುಖ್ಯವಾಗಿ, ಮಗು ತಾಯಿಯ ಮಡಿಲಲ್ಲೇ ಇರಬಹುದು.

ಮಾದರಿ ಹಿಡಿದುಕೊಂಡು ಭಾರತಕ್ಕೆ ಬಂದ ಮೇಲೆ ಇನ್ನೊಂದು ಪಾಠವಾಯಿತು. ದಿಂಬು ಸರಿಯಾದ ಬಿಸಿಯಲ್ಲಿದೆಯಾ ಅಂತ ತೋರಿಸಲು ಡಿಗ್ರಿಯ ಅಂಕಿ ಇರುವ ಪಟ್ಟಿ ಅಂಟಿಸಿದ್ದರು. 37ಕ್ಕೆ ಬಂದರೆ ಸರಿ. ಮಹಾರಾಷ್ಟ್ರದ ಒಬ್ಬ ತಾಯಿಗೆ ಪಣಿಕ್ಕರ್ ಇದನ್ನು ತೋರಿಸಿದರು. ಆಕೆ ಹೇಳಿದ್ದರ ತಾತ್ಪರ್ಯ ಇದು: ಇಂಗ್ಲಿಷ್ ಔಷಧಿ ಭಾರಿ ಜೋರು ಅಂತ ನಮ್ಮೂರಲ್ಲಿ ನಂಬುತ್ತೇವೆ. ಡಾಕ್ಟರ್ ಮಗುವಿಗೆ ಒಂದು ಚಮಚ ಕೊಡಿ ಅಂದರೆ ಅರ್ಧ ಚಮಚ ಕೊಡುತ್ತೇವೆ. ನೀವು 37ಕ್ಕೆ ಬಿಸಿ ಮಾಡಿ ಅಂದರೆ ನಾನು 30ಕ್ಕೆ ನಿಲ್ಲಿಸುತ್ತೇನೆ, ಯಾವುದಕ್ಕೂ ಇರಲಿ ಅಂತ.

ನಮ್ಮ ಮನೆಗಳಲ್ಲೂ ಇದು ನಡೆಯುತ್ತದೆ ಅಲ್ವಾ? "ಅಷ್ಟೆಲ್ಲ ಬೇಡ, ಮಗು ಚಿಕ್ಕದು, ಅರ್ಧ ಮಾತ್ರೆ ಸಾಕು." ಆ ತಾಯಿಯದು ಅಜ್ಞಾನ ಅಲ್ಲ, ಜಾಗ್ರತೆ. ಆದರೆ ಆ ಜಾಗ್ರತೆಯಿಂದಲೇ ಮಗುವಿಗೆ ಬಿಸಿ ಸಾಲದೆ ಹೋಗುತ್ತದೆ. ಇದಕ್ಕೆ ಮಾಮೂಲಿ ಪರಿಹಾರ ತಿಳಿವಳಿಕೆ ಶಿಬಿರ, ಕೈಪಿಡಿ, ಪೋಸ್ಟರ್. ಗುಂಪು ಅದ್ಯಾವುದನ್ನೂ ಮಾಡಲಿಲ್ಲ. ಅಂಕಿಗಳನ್ನೇ ತೆಗೆದುಹಾಕಿತು. ಸರಿ ಇದೆ, ಸರಿ ಇಲ್ಲ ಅಂತ ಮಾತ್ರ ತೋರಿಸುವ ಗುರುತು ಹಾಕಿತು. ಅರ್ಧ ಮಾಡಲು ಅಂಕಿಯೇ ಇಲ್ಲ!

ಇಡೀ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ತುಣುಕು ಇದು. ಆರು ತಿಂಗಳು ಬೋರ್ಡಿನ ಮುಂದೆ ಕೂತರೂ ಇಂಥದ್ದು ಹೊಳೆಯುವುದಿಲ್ಲ. ಲ್ಯಾಬಿನಲ್ಲಿ ಆ ಪಟ್ಟಿ ತಪ್ಪಿಲ್ಲದೆ ಕೆಲಸ ಮಾಡುತ್ತಿತ್ತು.

ಬೆಂಗಳೂರು ಮತ್ತು ಬೇಸರದ ಕೆಲಸ

ಕೋರ್ಸ್ ಮುಗಿಯಿತು, ಮಾರ್ಕ್ಸ್ ಬಂತು. ಇಂಥ ತರಗತಿಗಳ ಹೆಚ್ಚಿನ ಮಾದರಿಗಳು ಅಲ್ಲಿಗೇ ಮುಗಿದು ಕಪಾಟು ಸೇರುತ್ತವೆ. ಇವರು ಸಂಸ್ಥೆ ಕಟ್ಟಿ ಬೆಂಗಳೂರಿಗೆ ಬಂದರು. ಕಡಿಮೆ ತೂಕದ ಮಕ್ಕಳು ಅತಿ ಹೆಚ್ಚು ಹುಟ್ಟುವ ದೇಶಗಳಲ್ಲಿ ಭಾರತವೂ ಒಂದು. ದೂರದಿಂದ ಕೂತು ಮಾಡುವ ಕೆಲಸ ಇದಲ್ಲ ಅಂತ ಅವರಿಗೆ ಗೊತ್ತಾಗಿತ್ತು.

2009ರ ನವೆಂಬರ್‌ನಲ್ಲಿ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್‌ನಲ್ಲಿ ಹೊಸ ಐಡಿಯಾಗಳ ಬಗ್ಗೆ ಚಿಕ್ಕ ಭಾಷಣಗಳ ಟೆಡ್ ಇಂಡಿಯಾ ಸಮಾವೇಶ ನಡೆಯಿತು. ಜೇನ್ ಚೆನ್ ಅಲ್ಲಿ ವೇದಿಕೆ ಮೇಲೆ ಚೀಲ ತೋರಿಸಿದರು. ಬೆಲೆ 25 ಡಾಲರ್ ಅಂದರು. ಮಾತು ನಾಲ್ಕೈದು ನಿಮಿಷದ್ದು, ಜನಕ್ಕೆ ಬಹಳ ಹಿಡಿಸಿತು.

ಅಲ್ಲಿಂದ ಮುಂದಿನದನ್ನು ಕಾರ್ಯಾಗಾರಗಳಲ್ಲಿ ಹೇಳುವುದು ಕಡಿಮೆ. ಚೀಲವನ್ನು ವೈದ್ಯಕೀಯ ಉಪಕರಣ ಅಂತ ಒಪ್ಪಿಸಬೇಕು. ಆಸ್ಪತ್ರೆಗಳಲ್ಲಿ ಪರೀಕ್ಷೆ ನಡೆಯಬೇಕು. ಮೇಣ ಸೋರಬಾರದು, ಹೊಲಿಗೆಯಲ್ಲಿ ಕೊಳೆ ನಿಲ್ಲಬಾರದು, ಪ್ರತಿ ದಿಂಬೂ ಒಂದೇ ಥರ ಇರಬೇಕು. ಭಾರತದಲ್ಲಿ ಚೀಲ ಬಳಕೆಗೆ ಬಂದದ್ದು 2011ರ ಹೊತ್ತಿಗೆ. ತರಗತಿಯ ಮಾದರಿಯಿಂದ ಅಲ್ಲಿಗೆ ನಾಲ್ಕು ವರ್ಷ. ಮಾರಾಟಕ್ಕೆ ಜಿಇ ಹೆಲ್ತ್‌ಕೇರ್ ಎಂಬ ದೊಡ್ಡ ವೈದ್ಯಕೀಯ ಉಪಕರಣ ಕಂಪನಿಯ ಜೊತೆ ಒಪ್ಪಂದವಾಯಿತು. ಬೆಲೆ 25 ಡಾಲರ್‌ಗೆ ನಿಲ್ಲಲಿಲ್ಲ, ಹಲವು ಪಟ್ಟು ಏರಿತು. ಗಾಜಿನ ಪೆಟ್ಟಿಗೆಗೆ ಹೋಲಿಸಿದರೆ ಆಗಲೂ ಅಗ್ಗವೇ. ಆದರೆ ಹಳ್ಳಿ ಮನೆಯವರು ಕೈಯಿಂದ ದುಡ್ಡು ಕೊಟ್ಟು ಕೊಳ್ಳುವ ವಸ್ತುವಾಗಿ ಅದು ಉಳಿಯಲಿಲ್ಲ.

ಮುಂದೆ ಸಂಸ್ಥೆ ಎರಡಾಯಿತು. ಒಂದು ದಾನದ ಹಣದಿಂದ ಚೀಲ ಹಂಚುವುದು, ಇನ್ನೊಂದು ತಯಾರಿಸಿ ಮಾರುವುದು. ಹಣಕಾಸಿನ ಆ ಭಾಗವನ್ನು ಇಲ್ಲಿ ಬಿಡುತ್ತೇನೆ.

ಪ್ರಶ್ನೆ ಮತ್ತೆ ಜಾರಿದ್ದು

ಬೋರ್ಡಿನ ಮೇಲೆ ಬರೆದದ್ದು ಹಳ್ಳಿ ಮನೆಯ ತಂದೆತಾಯಿಯ ಬಗ್ಗೆ. ಚೀಲ ಕೊನೆಗೆ ಹೆಚ್ಚಾಗಿ ಬಳಕೆಯಾದದ್ದು ಆಸ್ಪತ್ರೆ, ಕ್ಲಿನಿಕ್‌ಗಳಲ್ಲಿ ಮತ್ತು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಮಗುವನ್ನು ಸಾಗಿಸುವಾಗ. ಕರೆಂಟಿನಲ್ಲೇ ಮೇಣ ಕರಗಿಸುವ ಹೀಟರ್ ಅದರ ಜೊತೆಗೆ ಬಂತು. ಹಾಗಾದರೆ ಆಸ್ಪತ್ರೆಗೇ ಮಾಡೋಣ ಅಂದಿದ್ದವರು ಗೆದ್ದರಾ?

ನನಗೆ ಹಾಗನ್ನಿಸುವುದಿಲ್ಲ. ಆದರೆ ವಿವರಣೆ ಬೇಕು. ಒಂದು ಕಾರಣ, ಪುಟ್ಟ ಮಗುವಿನ ಜೀವದ ವಿಷಯದಲ್ಲಿ ಮನೆಯವರು ಹೊಸ ಸಾಧನವನ್ನು ಸುಮ್ನೆ ನಂಬುವುದಿಲ್ಲ. ಡಾಕ್ಟರೋ ನರ್ಸೋ ಹೇಳಬೇಕು. ಗುಂಪಿನಲ್ಲಿ ಡಾಕ್ಟರ್ ಇಲ್ಲದ್ದರ ತೊಡಕು ಅಂತ ಮೊದಲೇ ಹೇಳಿದ್ದು ಇದನ್ನೇ. ಹೊರಗಿನವರಾಗಿದ್ದರಿಂದ ಪ್ರಶ್ನೆ ಬದಲಿಸುವ ಧೈರ್ಯ ಬಂತು. ಹೊರಗಿನವರಾಗಿದ್ದರಿಂದಲೇ ಒಳಗಿನವರ ಒಪ್ಪಿಗೆ ಪಡೆಯಲು ಜಾಸ್ತಿ ಹೊತ್ತು ಬೇಕಾಯಿತು.

ಇನ್ನೊಂದು ಕಾರಣ ದೊಡ್ಡದು. ಇವರು ಚೀಲ ಹೊಲಿಯುತ್ತಿದ್ದ ಅದೇ ವರ್ಷಗಳಲ್ಲಿ ಭಾರತದಲ್ಲಿ ಹೆರಿಗೆಯ ಜಾಗವೇ ಬದಲಾಗುತ್ತಿತ್ತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಶುರುವಾಯಿತು. ಆಸ್ಪತ್ರೆಯಲ್ಲಿ ಹೆತ್ತರೆ ಸರ್ಕಾರ ಹಣ ಕೊಡತೊಡಗಿತು. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು ಗರ್ಭಿಣಿಯರನ್ನು ಕರೆದೊಯ್ಯತೊಡಗಿದರು. 2008ರಲ್ಲಿ ಕರ್ನಾಟಕಕ್ಕೆ 108 ಆಂಬುಲೆನ್ಸ್ ಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದ ಶೇ 39ರಷ್ಟು ಹೆರಿಗೆಗಳು ಮಾತ್ರ ಆಸ್ಪತ್ರೆಗಳಲ್ಲಿ ಆಗಿದ್ದವು. 2015-16ಕ್ಕೆ ಅದು ಶೇ 79 ಆಯಿತು. ಹತ್ತೇ ವರ್ಷದಲ್ಲಿ ಇಮ್ಮಡಿ!

ಅಂದರೆ ಹಳ್ಳಿ ಮನೆಯಲ್ಲಿ ಹುಟ್ಟುವ ಮಗು ಅನ್ನುವ ಚಿತ್ರವೇ ಇಲ್ಲಿ ವರ್ಷ ವರ್ಷವೂ ಮಸುಕಾಗುತ್ತಿತ್ತು. ಈಗ ಮಗು ಹುಟ್ಟುವುದು ತಾಲ್ಲೂಕು ಆಸ್ಪತ್ರೆಯಲ್ಲಿ, ನವಜಾತ ಶಿಶುಗಳ ವಿಶೇಷ ಘಟಕ ಇರುವುದು ಜಿಲ್ಲಾ ಆಸ್ಪತ್ರೆಯಲ್ಲಿ. ನಡುವಿನ ದಾರಿಯಲ್ಲಿ ಮೈ ತಣ್ಣಗಾಗುತ್ತದೆ. ಚೀಲ ಅಲ್ಲಿ ಕೆಲಸಕ್ಕೆ ಬಂತು. 2007ರ ವಾಕ್ಯ 2007ಕ್ಕೆ ಸರಿಯಾಗಿತ್ತು. ಬೋರ್ಡನ್ನು ಒರೆಸಿ ಮತ್ತೆ ಬರೆಯಬೇಕಾಯಿತು, ಅದೂ ಈ ಸಲ ಯಾವ ಮೇಷ್ಟ್ರೂ ಹೇಳದೆ.

ಇದರ ಪಕ್ಕದಲ್ಲಿ ಇನ್ನೊಂದು ಉತ್ತರ ಮೊದಲಿನಿಂದಲೂ ಇತ್ತು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ಡಾಕ್ಟರ್, ಪೆಟ್ಟಿಗೆಗಳು ಸಾಲದೆ ಹೋದಾಗ, ಮಕ್ಕಳನ್ನು ತಾಯಿಯ ಎದೆಯ ಮೇಲೆ ಬರಿ ಮೈಗೆ ಮೈ ತಾಗಿಸಿ ಬಟ್ಟೆ ಕಟ್ಟಿಸಿದರು. ಕಾಂಗರೂ ಆರೈಕೆ ಅಂತ ಅದಕ್ಕೆ ಹೆಸರು ಬಂತು. ಖರ್ಚು ಒಂದು ಬಟ್ಟೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಜಿಲ್ಲೆಯಾದ್ಯಂತ ಜಾರಿಗೆ ತರುವ ದೊಡ್ಡ ಪ್ರಯತ್ನವೇ ನಡೆದಿದೆ. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳ ಅಧ್ಯಯನವೊಂದು ಪ್ರಕಟವಾಯಿತು. ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದ ಮಕ್ಕಳಲ್ಲಿ ಮೊದಲ 28 ದಿನದ ಸಾವು ಶೇ 12. ಮಗುವಿನ ಸ್ಥಿತಿ ಸುಧಾರಿಸಿದ ಮೇಲೆ ಶುರು ಮಾಡಿದವರಲ್ಲಿ ಶೇ 15.7.

ಬಿಸಿ ಎಲ್ಲಿಂದ ಬರಬೇಕು ಅನ್ನುವ ಖಾಲಿ ಜಾಗಕ್ಕೆ ಇದು ಮೇಣಕ್ಕಿಂತ ಹಳೆಯ ಉತ್ತರ. ಹಾಗಂತ ಚೀಲ ದಂಡವಾಯಿತು ಅಂತಲ್ಲ. ಸಿಸೇರಿಯನ್ ಆಗಿ ತಾಯಿ ಇನ್ನೂ ಆಪರೇಷನ್ ಥಿಯೇಟರ್‌ನಲ್ಲಿರುತ್ತಾಳೆ. ಅಥವಾ ರಕ್ತಸ್ರಾವವಾಗಿ ಪ್ರಜ್ಞೆಯೇ ಇರುವುದಿಲ್ಲ. ಅಥವಾ ಮಗು ಒಂದು ಆಂಬುಲೆನ್ಸ್‌ನಲ್ಲಿ, ತಾಯಿ ಇನ್ನೊಂದು ಊರಿನ ವಾರ್ಡಿನಲ್ಲಿ. ಇಂದು ಆ ಗುಂಪಿನ ಬೋರ್ಡ್ ನನ್ನ ಕೈಗೆ ಸಿಕ್ಕಿದರೆ ಹೀಗೆ ಬರೆಯುತ್ತಿದ್ದೆ: ತಾಯಿಯ ಎದೆ ಸಿಗದ ನಾಲ್ಕು ಗಂಟೆ ಮಗುವನ್ನು ಬೆಚ್ಚಗಿಡುವುದು ಹೇಗೆ?

2022ರಲ್ಲಿ ಯುದ್ಧ ಶುರುವಾದಾಗ ಈ ಚೀಲಗಳು ಉಕ್ರೇನಿಗೆ ಹೋದವು. ಅಲ್ಲಿನ ಆಸ್ಪತ್ರೆಗಳಲ್ಲಿ ಗಾಜಿನ ಪೆಟ್ಟಿಗೆ ಇದ್ದವು, ಡಾಕ್ಟರ್ ಇದ್ದರು. ಕರೆಂಟ್ ಯಾವಾಗ ಹೋಗುತ್ತದೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.